ರೈಲಿನ ಪಕ್ಕಕ್ಕೆ ಬೊಳ್ಳಪ್ಪ ಕಟ್ಟಿದ ಬಸ್ ಶೆಡ್ಡು

ಆಗ ಕೊಡಗು ಒಂದು ರಾಜ್ಯ. ನಮಗೆ ನಮ್ಮದೇ ಮುಖ್ಯಮಂತ್ರಿ ಇದ್ದರು, ನಮ್ಮದೇ ವಿಧಾನಸಭೆ ಇತ್ತು, ರೈಲು ಮಾತ್ರ ಇರಲಿಲ್ಲ. ನಮಗೆ ಗೊತ್ತಿದ್ದ ಒಂದೇ ರೈಲು ಮಾದಾಪುರದಲ್ಲಿ, ಬಸ್ ಶೆಡ್ಡಿನ ಫಿಟ್ಟರ್ ಬೊಳ್ಳಪ್ಪನ ಮನೆಯಲ್ಲಿ, ಅಡ್ಡ ಮಲಗಿಸಿದ ಒಂದು ಹಳೇ ಬಾಗಿಲಿನ ಮೇಲೆ ಓಡುತ್ತಿತ್ತು.

ಎಸ್ಟೇಟು ಮಾರಿ ಸೀಮೆಗೆ ಹೊರಟ ದೊರೆಯೊಬ್ಬ, ಕಾರು ರಿಪೇರಿ ಮಾಡಿಕೊಟ್ಟ ನೆನಪಿಗೆ, ತನ್ನ ಮಕ್ಕಳ ಆಟದ ರೈಲನ್ನು ಬೊಳ್ಳಪ್ಪನಿಗೆ ಕೊಟ್ಟು ಹೋಗಿದ್ದ. ಕೀ ಕೊಟ್ಟರೆ ಎಂಜಿನ್ನು ಮೂರು ಡಬ್ಬಿ ಎಳೆದುಕೊಂಡು ನಾಲ್ಕು ಸುತ್ತು ಬಂದು ಸುಸ್ತಾಗಿ ನಿಲ್ಲುತ್ತಿತ್ತು. ಬೊಳ್ಳಪ್ಪ ಅದರ ಸುತ್ತ ಗುಡ್ಡ ಎಬ್ಬಿಸಿದ, ಪಾಚಿಯಲ್ಲಿ ಕಾಫಿ ತೋಟ ಬೆಳೆಸಿದ, ಬೆಂಕಿಪೊಟ್ಟಣದಲ್ಲಿ ಸ್ಟೇಷನ್ ಮಾಡಿದ. ಭಾನುವಾರ ನೋಡಲು ಬಂದವರೆಲ್ಲ ತಲೆದೂಗಿ, ಕೊನೆಗೆ ಇದು ಯಾವ ಊರು ಎಂದು ಕೇಳುತ್ತಿದ್ದರು. ಮಾದಾಪುರ ಎಂದರೆ ನಗುತ್ತಿದ್ದರು.

ಆ ವರ್ಷ ಮಡಿಕೇರಿಯ ವಸ್ತುಪ್ರದರ್ಶನಕ್ಕೆ ಇದನ್ನು ಒಯ್ಯಬೇಕೆಂದು ಅವನು ನಿಶ್ಚಯಿಸಿದ. ಊರನ್ನು ಊರವರೇ ಗುರುತಿಸದಿದ್ದರೆ ಹೇಗೆಂದು, ಸ್ಟೇಷನ್ನಿನ ಪಕ್ಕಕ್ಕೆ ತಾನು ಇಪ್ಪತ್ತು ವರ್ಷ ದುಡಿದ ಬಸ್ ಶೆಡ್ಡನ್ನು ಕಟ್ಟಿದ. ಸೈಕಲ್ ಕಡ್ಡಿಗಳನ್ನು ಸಾಲಾಗಿ ಜೋಡಿಸಿ, ಮೇಲೆ ಸೀಮೆಎಣ್ಣೆ ಡಬ್ಬಿಯ ತಗಡಿಟ್ಟು ಉಜ್ಜಿದರೆ ಏಣುಏಣಾದ ಮಾಡು ಸಿದ್ಧ. ಕೋವಿಯ ಖಾಲಿ ತೋಟೆಗಳು ಎಣ್ಣೆಯ ಪೀಪಾಯಿಗಳಾದವು. ಬಸ್ಸಿನಡಿ ಇಳಿದು ಕೆಲಸ ಮಾಡುವ ಗುಂಡಿ, ಅದರಲ್ಲಿ ಕರೀ ನೀರು. ಮರದಲ್ಲಿ ಕೆತ್ತಿದ ಮೂರು ಬಸ್ಸು. ಒಂದನೇ ನಂಬರು ಶೆಡ್ಡಿನ ಬಾಯಲ್ಲಿ, ಎರಡನೇದು ಗುಂಡಿಯ ಮೇಲೆ, ಮೂರನೇದು ನಿಜಕ್ಕೂ ಇದ್ದ ಹಾಗೆ ಹಿಂದಿನ ಚಕ್ರವಿಲ್ಲದೆ ಕಲ್ಲುಗಳ ಮೇಲೆ. ಅದರ ಡ್ರೈವರ್ ಸೀಟಿನಲ್ಲಿ ಮೊಟ್ಟೆಗೆ ಕೂತ ಕೋಳಿ.

ಮುಂದಿನ ಭಾನುವಾರ ಬಂದವರು ರೈಲಿನ ಕಡೆ ತಿರುಗಿಯೂ ನೋಡಲಿಲ್ಲ. ನಮ್ಮ ಶೆಡ್ಡು, ನಮ್ಮ ಶೆಡ್ಡು ಎಂದು ಬಗ್ಗಿ ಬಗ್ಗಿ ನೋಡಿದರು.

ಮೂರನೇ ನಂಬರು ಬೆಳಿಗ್ಗೆ ಹತ್ತಕ್ಕೆ ಮಡಿಕೇರಿಗೆ ಹೊರಡುತ್ತದೆಂದು ಶೆಡ್ಡಿನ ಬೋರ್ಡಿನಲ್ಲಿ ಬರೆದಿತ್ತು, ಸರ್ಕಾರದ ಪರ್ಮಿಟ್ಟಿನಲ್ಲೂ ಬರೆದಿತ್ತು. ಬಸ್ಸಿಗೆ ಮಾತ್ರ ಯಾರೂ ತಿಳಿಸಿರಲಿಲ್ಲ. ಹಿಂದಿನ ಆಕ್ಸಲ್ ಮುರಿದು ಮೂರು ವರ್ಷವಾಗಿತ್ತು. ಹೊಸದು ತರಿಸಿಕೊಡಿ ಎಂದು ಬೊಳ್ಳಪ್ಪ ಕೇಳಿದಾಗಲೆಲ್ಲ ಮಾಲೀಕ ಶಿವಶಂಕರಪ್ಪನವರು ಮದರಾಸಿಗೆ ಬರೆದಿದ್ದೇನೆ ಎನ್ನುತ್ತಿದ್ದರು. ಹೊರಗಿನವರು ಕೇಳಿದರೆ ನಮ್ಮ ಫಿಟ್ಟರ್ ಕೈಲಿ ಆಗ್ತಿಲ್ಲ ಎಂದು ನಿಟ್ಟುಸಿರು ಬಿಡುತ್ತಿದ್ದರು. ಹೀಗಾಗಿ ಹತ್ತರ ಬಸ್ಸಿಗೆ ಕಾದು ಸೋತು ನಡೆದವರೆಲ್ಲ ದಾರಿಯುದ್ದಕ್ಕೂ ಬೈದದ್ದು ಬೊಳ್ಳಪ್ಪನನ್ನು.

ತಮ್ಮ ಶೆಡ್ಡು ಪ್ರದರ್ಶನಕ್ಕೆ ಹೋಗುತ್ತದೆಂದು ಕೇಳಿದ ಶಿವಶಂಕರಪ್ಪನವರು ಜರಿಪೇಟ ಸುತ್ತಿ, ಕೋಟು ತೊಟ್ಟು, ಉದ್ಘಾಟನೆಗೆ ಬಂದವರಂತೆ ಬೊಳ್ಳಪ್ಪನ ಮನೆಗೆ ಬಂದರು. ಹಾರ ಒಂದು ಕಡಿಮೆ. ಕನ್ನಡಕ ಏರಿಸಿ ಬಹಳ ಹೊತ್ತು ಹುಡುಕಿದರು.

“ನಾನೆಲ್ಲಿದ್ದೀನಿ ಇದರಲ್ಲಿ?”

“ನೀವು ಶೆಡ್ಡಿಗೆ ಬರೋದೇ ಇಲ್ವಲ್ಲ ಸಾಹುಕಾರ್ರೇ.”

ಆಮೇಲೆ ಅವರ ಕಣ್ಣು ಮೂರನೇ ನಂಬರಿನ ಮೇಲೆ ಬಿತ್ತು. ಪ್ರದರ್ಶನಕ್ಕೆ ಪರ್ಮಿಟ್ ಕೊಡುವ ಅಧಿಕಾರಿಗಳೂ ಬರುವವರಿದ್ದರು. ಚಕ್ರ ಹಾಕು, ಮರದ ಚಕ್ರ ತಾನೆ, ಹತ್ತು ನಿಮಿಷದ ಕೆಲಸ ಎಂದರು.

“ಇಲ್ಲಿ ಹತ್ತು ನಿಮಿಷದಲ್ಲಿ ಹಾಕಿದವನು ಅಲ್ಲಿ ಮೂರು ವರ್ಷ ಯಾಕೆ ಹಾಕಲಿಲ್ಲ ಅಂತ ಜನ ಕೇಳ್ತಾರೆ,” ಎಂದ ಬೊಳ್ಳಪ್ಪ. “ಅಲ್ಲಿಗೆ ಆಕ್ಸಲ್ ತರಿಸಿ. ಅಲ್ಲೀವರೆಗೆ ಇದು ಕಲ್ಲಿನ ಮೇಲೇ ಇರ್ತದೆ.”

“ಆ ಕೋಳಿಯನ್ನಾದ್ರೂ ತೆಗಿಯಯ್ಯ.”

“ಅದು ದಿನಾ ಬರ್ತದೆ ಸಾಹುಕಾರ್ರೇ.”

ನಾಳೆಯಿಂದ ಕೆಲಸಕ್ಕೆ ಬರಬೇಡ, ಈ ಬಾಗಿಲೂ ನನ್ನ ಬಸ್ಸು ಹತ್ತಕೂಡದು ಎಂದು ಹೇಳಿ ಶಿವಶಂಕರಪ್ಪನವರು ಹೊರಟುಹೋದರು. ಮಡಿಕೇರಿಗೆ ಬೇರೆ ಯಾರ ಬಸ್ಸೂ ಇರಲಿಲ್ಲ. ಬೊಳ್ಳಪ್ಪ ತಲೆ ಕೆರೆಯುತ್ತ ನಿಂತಿದ್ದಾಗ ಹೆಂಡತಿ ಯಮುನ ಒಳಗಿನಿಂದ, “ಬಸ್ಸಿಲ್ಲದಿದ್ರೆ ಕಾಲುಂಟಲ್ಲ,” ಎಂದಳು.

ಮುಂದೆ ಅವನು, ಹಿಂದೆ ಅವಳು, ನಡುವೆ ಬಾಗಿಲು. ಹನ್ನೆರಡು ಮೈಲಿಗೂ ಮಿಕ್ಕ ದಾರಿ. ಬಸ್ಸಿಗೆ ಕಾಯುವ ಜನ ಇರುವಲ್ಲೆಲ್ಲ ಬಾಗಿಲಿಳಿಸಿ ಸುಧಾರಿಸಿಕೊಂಡರು. ಜನ ಸುತ್ತುಗಟ್ಟಿ ಶೆಡ್ಡು ನೋಡಿದರು, ಕಲ್ಲು ನೋಡಿದರು, ಆಮೇಲೆ ಬೊಳ್ಳಪ್ಪನ ಮುಖ ನೋಡಿದರು. “ಆಕ್ಸಲ್ ತರಿಸಿಲ್ಲ,” ಎಂದಷ್ಟೇ ಹೇಳಿ ಅವನು ಮತ್ತೆ ಬಾಗಿಲು ಎತ್ತುತ್ತಿದ್ದ. ನಡುದಾರಿಯಲ್ಲಿ ಶಿವಶಂಕರಪ್ಪನವರ ಬಸ್ಸೂ ಸಿಕ್ಕಿತು. ಬಾಗಿಲು ಹತ್ತಿಸಬಾರದೆಂದು ಕಂಡಕ್ಟರ್ ನಾಣಯ್ಯನಿಗೆ ಅಪ್ಪಣೆಯಾಗಿತ್ತು, ಹತ್ತಿಸಲಿಲ್ಲ. ಪ್ರಯಾಣಿಕರನ್ನು ಇಳಿಸಿ ತೋರಿಸಬಾರದೆಂದು ಯಾರೂ ಹೇಳಿರಲಿಲ್ಲ, ಎಲ್ಲರನ್ನೂ ಇಳಿಸಿ ತೋರಿಸಿದ.

ಪ್ರದರ್ಶನದ ತೀರ್ಪುಗಾರರಿಗೆ ಇದು ಆಟಿಕೆಯೋ ಕೈಗಾರಿಕೆಯೋ ಎಂದು ತೀರ್ಮಾನಿಸಲು ಒಂದು ಉಪಸಮಿತಿಯೇ ಬೇಕಾಯಿತು. ಉಪಸಮಿತಿ ಕಾಫಿ ಕುಡಿದು, ಬಾಗಿಲನ್ನು ತರಕಾರಿ ವಿಭಾಗದಲ್ಲಿ ಇಡಿಸಿತು. ಬಹುಮಾನ ಪಕ್ಕದ ಸುವರ್ಣಗೆಡ್ಡೆಗೆ ಹೋಯಿತು. ಆದರೆ ಪರ್ಮಿಟ್ಟಿನ ಅಧಿಕಾರಿಯೊಬ್ಬರು ಗೆಡ್ಡೆ ನೋಡಲು ಬಂದವರು ಶೆಡ್ಡಿನ ಮುಂದೆ ನಿಂತರು. ಕಲ್ಲಿನ ಮೇಲಿರುವುದು ಯಾವ ಬಸ್ಸು ಎಂದು ಕೇಳಿದರು.

“ಹತ್ತು ಗಂಟೆಯದು ಸ್ವಾಮಿ,” ಎಂದ ಬೊಳ್ಳಪ್ಪ.

ಅಧಿಕಾರಿಯಿಂದ ಶಿವಶಂಕರಪ್ಪನವರಿಗೆ ಒಂದು ಕಾಗದ ಹೋಯಿತು. ಮೂರು ವರ್ಷ ಬಾರದ ಆಕ್ಸಲ್ ಹನ್ನೆರಡು ದಿನಕ್ಕೆ ಬಂತು. ಅದನ್ನು ಕೂರಿಸಲು ಮೈಸೂರಿನಿಂದ ಕರೆಸಿದ ಮೇಸ್ತ್ರಿ ಎರಡು ದಿನ ಬಸ್ಸಿನಡಿ ಮಲಗಿದ್ದು, ಮೂರನೇ ದಿನ ಎದ್ದು ಊರಿಗೆ ಹೋದ. ಆಗ ನಾಣಯ್ಯ ಬೊಳ್ಳಪ್ಪನ ಮನೆಗೆ ಬಂದು, ಸಾಹುಕಾರ್ರು ಕರೀತಾರೆ, ಕೋಪ ಇಳಿದಿದೆ ಎಂದ.

“ಅವರದ್ದು ಇಳಿದಿದೆ,” ಎಂದ ಬೊಳ್ಳಪ್ಪ. “ನನ್ನ ಕೈಲಿ ಆಗಲ್ಲ ಅಂತ ಊರಿಗೆಲ್ಲ ಹೇಳಿದ್ದು ಅವರು. ಆಕ್ಸಲ್ ಇಲ್ಲದೆ ನಿಂತಿತ್ತು ಅಂತ ಅವರ ಬಸ್ಸಿಂದಲೇ ಪ್ರತಿ ಸ್ಟಾಪಿನಲ್ಲೂ ಕೂಗಿಸಲಿ. ಒಂದು ವಾರ. ಎಂಟನೇ ದಿನ ಬರ್ತೀನಿ.”

ಶಿವಶಂಕರಪ್ಪನವರು ಪೇಟ ತೆಗೆದು ಮೇಜಿನ ಮೇಲಿಟ್ಟು ಒಂದು ಹಗಲೆಲ್ಲ ಯೋಚಿಸಿದರಂತೆ. ಅಧಿಕಾರಿಯಿಂದ ಎರಡನೇ ಕಾಗದ ಬಂದ ಮೇಲೆ ಒಪ್ಪಿದರು.

ನಾಣಯ್ಯ ಆ ಒಂದು ವಾರ ಟಿಕೆಟ್ಟಿಗಿಂತ ಹೆಚ್ಚು ಶ್ರದ್ಧೆಯಿಂದ ಕೂಗಿದ. ಸ್ಟಾಪ್ ಬಂದರೆ ಫುಟ್‌ಬೋರ್ಡಿನ ಮೇಲೆ ನಿಂತು, “ಮೂರನೇ ನಂಬರು ನಿಂತಿದ್ದು ಆಕ್ಸಲ್ ಇಲ್ಲದೆ, ಫಿಟ್ಟರ್ ಇಲ್ಲದೆ ಅಲ್ಲ!”

“ಗೊತ್ತು ಮಾರಾಯ, ಅವತ್ತೇ ನೋಡಿ ಆಗಿದೆ,” ಎನ್ನುತ್ತಿದ್ದರು ಜನ. “ರೈಟ್ ಹೇಳು.”