ಹದಿನೆಂಟು ಪಾಯಿಂಟಿನ ಪುಸ್ತಕ

ಕಂಪ್ಯೂಟರಿನ ಮೇಲೆ ನನಗೆ ಯಾವತ್ತೂ ಗೌರವ ಹುಟ್ಟಿಲ್ಲ. ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದವನು ನಾನು. ನಮ್ಮ ಪ್ರೆಸ್ಸಿನಲ್ಲಿ ಅಕ್ಷರದ ಗಾತ್ರ ಹದಿನೆಂಟು ಪಾಯಿಂಟ್ ಅಂದರೆ ಹದಿನೆಂಟೇ. ಆ ಮೊಳೆಯನ್ನು ಬೆರಳಲ್ಲಿ ಹಿಡಿದು ನೋಡಬಹುದಿತ್ತು. ಈಗ ಚಾಮರಾಜಪೇಟೆಯ ಯಾವುದಾದರೂ ಡಿಟಿಪಿ ಅಂಗಡಿಗೆ ಹೋಗಿ ನೋಡಿ. ಕಾಗದ ಇಂಚಿನಲ್ಲಿ, ಮಾರ್ಜಿನ್ ಮಿಲಿಮೀಟರಿನಲ್ಲಿ, ಅಕ್ಷರ ಪಾಯಿಂಟಿನಲ್ಲಿ, ಸಾಲಿನ ಅಂತರ ಮಾತ್ರ ಶೇಕಡಾ ಲೆಕ್ಕದಲ್ಲಿ. ಯಾವುದರ ಶೇಕಡಾ ಎಂದು ಕೇಳಿದರೆ ಅಂಗಡಿಯವರೇ ಮುಖ ಮುಖ ನೋಡಿಕೊಳ್ಳುತ್ತಾರೆ. ಒಂದೇ ಅಡುಗೆಗೆ ಅಕ್ಕಿಯನ್ನು ಸೇರಿನಲ್ಲಿ, ಬೇಳೆಯನ್ನು ಗಜದಲ್ಲಿ ಅಳೆದ ಹಾಗೆ.

ನನಗೇನು, ಹಾಳಾಗಿ ಹೋಗಲಿ ಎಂದು ಸುಮ್ಮನಿದ್ದೆ. ಗವಿಪುರಂನಲ್ಲಿರುವ ನನ್ನ ಅಕ್ಕ ಪುಸ್ತಕ ಮಾಡಿಸಬೇಕು ಎಂದಾಗ ಮತ್ತೆ ಆ ಕಡೆ ಕಾಲಿಡಬೇಕಾಯಿತು. ಅಕ್ಕ ಕನ್ನಡ ಮೇಡಂ ಆಗಿ ನಿವೃತ್ತಳಾದವಳು. ನಮ್ಮ ಮನೆಯ ಹೆಂಗಸರು ಮದುವೆಗಳಲ್ಲಿ ಬೀಗರನ್ನು ಕಿಚಾಯಿಸಿ ಹಾಡುತ್ತಿದ್ದ ಹಾಡುಗಳನ್ನೆಲ್ಲ ಎರಡು ನೋಟ್‌ಬುಕ್ಕಿನಲ್ಲಿ ಬರೆದಿಟ್ಟಿದ್ದಳು. ಈಗ ಅವಳಿಗೆ ತನ್ನ ಕೈಬರಹವೇ ಕಾಣುತ್ತಿರಲಿಲ್ಲ. ಇನ್ನು ಕೆಲವು ತಿಂಗಳಷ್ಟೇ ಓದಲಾಗುವುದು ಎಂದು ಕಣ್ಣಿನ ಡಾಕ್ಟರು ಹೇಳಿಬಿಟ್ಟಿದ್ದರು.

"ದಪ್ಪಕ್ಷರದಲ್ಲಿ ಹಾಕ್ಸೋ. ಒಂದು ಸಲ ನಾನೇ ಓದ್ಕೋಬೇಕು. ಇನ್ನೊಬ್ರು ಓದಿ ಹೇಳೋದು ಬೇಡ," ಅಂದಳು.

ಹದಿನೆಂಟು ಪಾಯಿಂಟಿನಲ್ಲಿ ಹಾಕಿಸ್ತೀನಿ ಬಿಡು ಎಂದು ಜಂಬದಿಂದ ಹೇಳಿ ಬಂದೆ.

ಡಿಟಿಪಿ ಮಾಡುವ ಹೆಂಗಸು ಹದಿನೆಂಟು ಎಂದೇ ಹಾಕಿದ್ದಳು. ಪರದೆಯ ಮೇಲೆ ನೋಡಿದರೆ ಅಕ್ಷರ ಬಡಕಲು, ನಮ್ಮ ಕಾಲದ ಹದಿನಾಲ್ಕು ಪಾಯಿಂಟಿನಷ್ಟಿತ್ತು.

"ಇದು ಹದಿನೆಂಟೇನಮ್ಮ?"

"ಹೌದು ಸರ್, ಇಲ್ಲೇ ತೋರಿಸ್ತಿದೆ ನೋಡಿ. ಒಂದೊಂದು ಫಾಂಟು ಒಂದೊಂದು ಥರ ಸರ್. ಹದಿನೆಂಟು ಅಂತ ಹಾಕಿದ್ರೂ ಕೆಲವು ಚಿಕ್ಕದಾಗೇ ಬರ್ತವೆ."

ಹದಿನೆಂಟು ಒಂದೊಂದು ಥರವಂತೆ! ಇದನ್ನು ಅಳತೆ ಎಂದು ಕರೆದ ಮಹಾನುಭಾವರನ್ನು ಸಾಲಾಗಿ ನಿಲ್ಲಿಸಿ ಮಂಗಳಾರತಿ ಮಾಡಬೇಕು. ನಾನು ಚೀಲದಿಂದ ಪಾಯಿಂಟ್ ಅಳೆಯುವ ನನ್ನ ಹಿತ್ತಾಳೆ ಪಟ್ಟಿಯನ್ನು ತೆಗೆದು ನೇರವಾಗಿ ಪರದೆಗೆ ಆನಿಸಿದೆ. ಸಂಖ್ಯೆ ಏರಿಸುತ್ತಾ ಹೋಗು ಎಂದೆ. ಇಪ್ಪತ್ತಮೂರಕ್ಕೆ ಬಂದಾಗ ಅಕ್ಷರ ಪಟ್ಟಿಗೆ ಸರಿಯಾಗಿ ಕೂತಿತು.

"ಸರ್, ಸ್ಕ್ರೀನ್ ಮೇಲೆ ಅಳೀಬೇಡಿ," ಅಂದಳು. "ಒಂದು ಪ್ರಿಂಟ್ ತೆಗ್ದು ಕೊಡ್ತೀನಿ, ಮನೇಲಿ ತೋರ್ಸ್ಕೊಂಡು ಬನ್ನಿ."

"ಮೂವತ್ತು ವರ್ಷ ಅಳೆದೋನಿಗೆ ನೀನು ಹೇಳ್ಕೊಡ್ತೀಯಾ?" ಎಂದು ಅಲ್ಲೇ ಒಪ್ಪಿಗೆಯ ಸಹಿ ಹಾಕಿದೆ.

ಹದಿನೈದು ದಿನಕ್ಕೆ ಮುನ್ನೂರು ಪ್ರತಿ ಬಂದವು. ಬಿಚ್ಚಿ ಪಟ್ಟಿ ಇಟ್ಟು ನೋಡಿದರೆ ಅದೇ ಬಡಕಲು ಅಕ್ಷರ. ಅಂಗಡಿಯ ಪರದೆಯ ಮೇಲೆ ಪುಟ ನಿಜವಾದ ಗಾತ್ರಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತಂತೆ, ನಾನು ಅದನ್ನು ಅಳೆದಿದ್ದೆ. ಆ ಅಂಗಡಿಗೆ ನನ್ನಂಥ ದಡ್ಡ ಇನ್ನೊಬ್ಬ ಬಂದಿರಲಾರ.

ಅಕ್ಕ ಪುಸ್ತಕವನ್ನು ಕಣ್ಣಿಗೊತ್ತಿಕೊಂಡು ತೆರೆದಳು. ಕಿಟಕಿಯ ಬಳಿಗೆ ಹೋದಳು. ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದಳು, ಓರೆ ಮಾಡಿದಳು. ಹಾಡಿನ ತಲೆಬರಹ ಓದಿದಳು. ಅದರ ಕೆಳಗಿನದು ಆಗಲಿಲ್ಲ. ನಾನು ಫಾಂಟನ್ನು, ಪರದೆಯನ್ನು, ಪಾಪದ ಆ ಹೆಂಗಸನ್ನೂ ಸೇರಿಸಿ ಬಾಯಿಗೆ ಬಂದಂತೆ ಬೈದೆ. ಅಕ್ಕ ಪೂರ್ತಿ ಕೇಳಿಸಿಕೊಂಡಳು.

"ಅದೆಲ್ಲ ನನಗೆ ಗೊತ್ತಾಗಲ್ಲ ಕಣೋ. ಒಂದು ಹಾಳೆ ತಂದು ನನಗೆ ತೋರಿಸ್ಬೇಕು ಅನ್ನಿಸ್ಲಿಲ್ವಾ ನಿನಗೆ?"

ಚಾಮರಾಜಪೇಟೆಯಿಂದ ಅವಳ ಮನೆಗೆ ನಡೆದರೆ ಅರ್ಧ ಗಂಟೆಯ ದಾರಿ. ನಿಜವಾಗಿಯೂ ನನಗೆ ಅನ್ನಿಸಿರಲಿಲ್ಲ.

"ಇನ್ನೊಂದು ಸಲ ಹಾಕಿಸ್ತೀನಿ ಅಕ್ಕ," ಅಂದೆ.

"ಹಾಕ್ಸು," ಅಂದಳು. "ಬೇಗ ಹಾಕ್ಸು."