ತೊಳೆಯದೆ ಬನ್ನಿ ಎಂದ ಸೋಪಕ್ಕ

ಬೆಳಕು ಹರಿಯುವ ಮೊದಲೇ ಆಸ್ಪತ್ರೆಯ ಲಾಂಡ್ರಿ ಕೋಣೆಯಲ್ಲಿ ಹಬೆ ಕವಿದಿದೆ. ಹೆಂಗಸರ ವಾರ್ಡಿನಿಂದ ಬಂದ ಹಾಸಿಗೆ ಬಟ್ಟೆಗಳನ್ನು ಸೋಪಕ್ಕ ಬಿಡಿಸಿ ನೋಡುತ್ತಾರೆ. ರಕ್ತದ ಕಲೆಯಿದ್ದರೆ ತಣ್ಣೀರಿನ ತೊಟ್ಟಿಗೆ. ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಎಲ್ಲರ ಬಾಯಲ್ಲೂ ಸೋಪಕ್ಕನೇ; ಆ ಹಳೆಯ ಹೆಸರಿನಿಂದ ಕರೆದರೆ ಅವರೇ ತಿರುಗಿ ನೋಡುವುದಿಲ್ಲ.

ಪಾಳಿ ಮುಗಿದ ಮೇಲೆ ಸಂಬಳವಿಲ್ಲದ ಇನ್ನೊಂದು ಕೆಲಸ. ಮುಟ್ಟು, ಬಿಳಿಮುಟ್ಟು, ಮರಳಿ ಮರಳಿ ಬರುವ ಸೋಂಕು, ಇವುಗಳ ಸಂಶೋಧನೆಗೆ ಸಲಹೆ ಕೊಡುವ ಸಾಮಾನ್ಯ ಹೆಂಗಸರ ಗುಂಪಿನಲ್ಲಿ ಇವರೂ ಒಬ್ಬರು.

"ವರ್ಷಗಟ್ಟಲೆ ತುರಿಕೆ ಸಹಿಸ್ಕೊಂಡೆ. ಈಗ ಸೊಸೆಗೂ ಅದೇ ಗೋಳು. ಔಷಧಿ ತಗೊಂಡ್ರೆ ಹೋಗುತ್ತೆ, ಮತ್ತೆ ಬರುತ್ತೆ. ಯಾಕೆ ಅಂತ ಯಾರಾದ್ರೂ ಕಂಡುಹಿಡೀಬೇಕಲ್ವಾ?"

ಅದಕ್ಕೇ ಓಣಿಯ ಹೆಂಗಸರನ್ನು ಕಾಡಿ ಬೇಡಿ ಸಂಶೋಧನೆಯ ಮೊದಲ ಶಿಬಿರಕ್ಕೆ ಕರೆತಂದರು. ಹತ್ತಿಕಡ್ಡಿಯಲ್ಲಿ ಅವರವರೇ ಯೋನಿಸ್ರಾವದ ಮಾದರಿ ತೆಗೆದುಕೊಟ್ಟರು. ಸೊಸೆ ಮಾತ್ರ ನಾಚಿ ಮನೆಯಲ್ಲೇ ಉಳಿದಳು. ಆಮೇಲೆ ತಿಳಿದದ್ದು: ಮಾದರಿಗಳೆಲ್ಲ ದಂಡ!

"ಡಾಕ್ಟ್ರ ಹತ್ರ ಹೋಗೋದು, ಒಳಗೂ ಹೊರಗೂ ಸೋಪು ಹಾಕಿ ತೊಳ್ಕೊಂಡು ಬನ್ರೇ ಅಂತ ಮನೆಮನೆಗೂ ಹೇಳಿದ್ದು ನಾನೇ ಕಣ್ರೀ!" ಎಂದು ಹಣೆ ಚಚ್ಚಿಕೊಳ್ಳುತ್ತಾರೆ.

ಸಂಶೋಧನೆಯ ಡಾಕ್ಟರಮ್ಮನಿಗೆ ನಗು ತಡೆಯಲಾಗುವುದಿಲ್ಲ. "ನಮಗೆ ಬೇಕಿದ್ದದ್ದು ಅಲ್ಲಿರೋ ಸೂಕ್ಷ್ಮಜೀವಿಗಳೇ, ಸೋಪಲ್ಲಿ ಅವೇ ಕೊಚ್ಚಿಹೋಗಿದ್ವು. ತೊಳೀಬೇಡಿ ಅಂತ ಹೇಳ್ಬೇಕು ಅನ್ನೋದು ನಮಗೂ ಹೊಳೀಲಿಲ್ಲ."

ಇವತ್ತು ಎರಡನೇ ಶಿಬಿರ. ಹೆಂಗಸರು ಬಾರದಿದ್ದರೆ ಇಲ್ಲಿಯ ಅಧ್ಯಯನ ನಿಂತಂತೆಯೇ. ಸೋಪಕ್ಕ ಮತ್ತೆ ಬಾಗಿಲು ಬಾಗಿಲು ತಟ್ಟಿ, ಈ ಸಲ ತೊಳೆಯದೆ ಬನ್ನಿ ಎಂದಿದ್ದಾರೆ, ಬೈಸಿಕೊಂಡಿದ್ದಾರೆ. ನಾಚಿಕೆ ಬಿಟ್ಟು ಒಮ್ಮೆ ಕೊಟ್ಟದ್ದೇ ಹೆಚ್ಚು ಎಂದವರುಂಟು. ಪಕ್ಕದ ಮನೆಯಾಕೆಯಂತೂ, "ಗಬ್ಬು ನಾರ್ಕೊಂಡು ಬರ್ಲಾ?" ಎಂದು ರೇಗಿದರಂತೆ.

"ನಾರಿದ್ರೆ ನಾರ್ಲಿ ಬಿಡೇ, ಯಾಕೆ ನಾರುತ್ತೆ ಅಂತ ನೋಡೋಕೇ ಅವರು ಕೂತಿರೋದು ಅಂದೆ. ಮೊದಲು ನಾನೇ ಹೋಗ್ತೀನಿ, ಕೆಲಸದಿಂದ ನೇರವಾಗಿ ಅಂದೆ."

ಹೇಳಿದಂತೆ ಬೆವರಿಳಿಯುತ್ತಲೇ ಬಂದು, ಪರದೆಯ ಹಿಂದೆ ಹೋಗಿ ಮಾದರಿ ಕೊಟ್ಟು, ಖಾಲಿ ಬೆಂಚಿನ ಮೇಲೆ ಕೂರುತ್ತಾರೆ. ಬಾಗಿಲ ಕಡೆಯೇ ಕಣ್ಣು. ಬಹಳ ಹೊತ್ತು ಯಾರೂ ಇಲ್ಲ. ಆಮೇಲೆ ಪಕ್ಕದ ಮನೆಯಾಕೆ ಗೊಣಗುತ್ತ ಬರುತ್ತಾರೆ. ಅವರ ಹಿಂದೆ ನಾಲ್ಕೈದು ಜನ. ಕೊನೆಯಲ್ಲಿ ಸೊಸೆ.

"ಅತ್ತೇ, ನಾನೂ ತೊಳೀದೇ ಬಂದಿದೀನಿ!"

ಕೋಣೆಗೆ ಕೋಣೆಯೇ ಘೊಳ್ಳೆಂದು ನಗುತ್ತದೆ. ಸೋಪಕ್ಕ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾರೆ. ಕಣ್ಣೂ ಒದ್ದೆಯಾಗಿದೆ.

"ಅಷ್ಟು ಜನರೆದುರು ಹೇಗೆ ಹೇಳಿದ್ಲು ನೋಡಿ. ಅವಳ ವಯಸ್ಸಲ್ಲಿ ನಾನು ಗೋಡೆಗೂ ಹೇಳಿರ್ಲಿಲ್ಲ."