ಅತ್ತಿಗೆಯ ಎರಡು ತಟ್ಟೆ

ವಿಜ್ಞಾನದ ಮೇಷ್ಟ್ರಿಗೆ ಒಂದು ಚಟವಿರುತ್ತದೆ. ಯಾರಾದರೂ ನೆಮ್ಮದಿಯಾಗಿ ಕಾಫಿ ಕುಡಿಯುತ್ತ ಕೂತಿದ್ದರೆ ಅವರಿಗೆ ಏನನ್ನಾದರೂ ವಿವರಿಸದೆ ಬಿಡಲಾರ. ನನಗಂತೂ ಅದು ವಿಪರೀತ. ಶಿಡ್ಲಘಟ್ಟದಿಂದ ನ್ಯಾನೋ ಯೂರಿಯಾ ಗೊಬ್ಬರದ ಬಾಟಲಿ ತಂದ ಮರುದಿನ ಬೆಳಿಗ್ಗೆ ಅಣ್ಣ ಸಿಕ್ಕಿಬಿದ್ದ.

ತಲೆಗೂದಲೊಂದನ್ನು ಉದ್ದಕ್ಕೆ ಲಕ್ಷಗಟ್ಟಲೆ ಎಳೆಯಾಗಿ ಸೀಳಿದರೆ ಒಂದೆಳೆ ಎಷ್ಟು ದಪ್ಪವೋ ಅಷ್ಟೇ ಈ ಕಣ ಎಂದೆ. ಮೂಟೆಗಟ್ಟಲೆ ಯೂರಿಯಾ ಸುರಿದು ಅದರಲ್ಲಿ ಅರ್ಧವನ್ನು ಬಾವಿ ನೀರಿನ ಪಾಲು ಮಾಡುವ ಕಾಲ ಮುಗಿಯಿತು, ನಾಳೆ ಇದೇ ವಿದ್ಯೆಯಿಂದ ಕ್ಯಾನ್ಸರ್ ಗಡ್ಡೆಗೇ ಗುರಿಯಿಟ್ಟು ಔಷಧಿ ಕಳಿಸುತ್ತಾರೆ ಎಂದೆ. ಅಣ್ಣ ತಲೆಯಾಡಿಸುತ್ತಲೇ ಚಪ್ಪಲಿ ಮೆಟ್ಟಿಕೊಂಡು ಗೌರಿಬಿದನೂರಿನ ಗೃಹಪ್ರವೇಶಕ್ಕೆ ಹೊರಟುಹೋದ. ನನ್ನ ಪಾಠಕ್ಕೆ ಹೆದರಿ ಮೊದಲ ಬಸ್ಸಿಗೇ ಹೋದ ಎಂದು ಈಗ ಅನ್ನಿಸುತ್ತದೆ. ರೇಷ್ಮೆ ಸಾಕುವ ಹುಳುಮನೆಯಲ್ಲಿದ್ದ ಅತ್ತಿಗೆಗೆ ಇದಾವುದೂ ಕೇಳಿಸಿರಲಿಲ್ಲ.

ಬಾಟಲಿಯನ್ನು ಕಿಟಕಿಯಲ್ಲಿಟ್ಟು ಶಾಲೆಗೆ ಹೋದೆ. ಮಧ್ಯಾಹ್ನ ನೆನಪಾಗಿ ಅತ್ತಿಗೆಗೆ ಫೋನ್ ಮಾಡಿದೆ. "ಒಂದು ಲೀಟರ್ ನೀರಿಗೆ ಒಂದು ಮುಚ್ಚಳ, ಸೊಪ್ಪಿಗೆ, ನ್ಯಾನೋ" ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು, ಇಟ್ಟುಬಿಟ್ಟೆ.

ಅತ್ತಿಗೆಯ ತವರು ಚಿಂತಾಮಣಿ ಕಡೆ, ಮನೆಮಾತು ತೆಲುಗು. ಅಲ್ಲಿ ಅಕ್ಕಿ ನೆನೆಹಾಕುವುದಕ್ಕೆ 'ನಾನಬೆಟ್ಟೇದಿ' ಅನ್ನುತ್ತಾರೆ. ಗಂಟೆಯ ಸದ್ದಿನಲ್ಲಿ ಅವರ ಕಿವಿಗೆ ಬಿದ್ದದ್ದು ನ್ಯಾನೋ ಅಲ್ಲ, ನಾನ. ನಾನು ಹೇಳಿದ್ದು ತೋಟದಲ್ಲಿ ನಿಂತ ಹಿಪ್ಪುನೇರಳೆ ಗಿಡಕ್ಕೆ ಹೊಡೆಯಲು, ಅವರು ತಿಳಿದದ್ದು ಕೊಯ್ದು ತಂದ ಸೊಪ್ಪನ್ನು ನೆನೆಹಾಕಲು.

ಸಂಜೆ ಮನೆಗೆ ಬಂದರೆ ಹುಳುಮನೆಯ ಬಾಗಿಲಲ್ಲಿ ಒಂದು ಬಕೆಟ್, ಅದರಲ್ಲಿ ತೇಲುವ ಸೊಪ್ಪು, ಪಕ್ಕದಲ್ಲಿ ಮುಚ್ಚಳ ತೆಗೆದ ಬಾಟಲಿ. ಚೀಲ ಅಲ್ಲೇ ಬಿಟ್ಟು ನುಗ್ಗಿದೆ. ಒಳಗೆ ಮನೆ ತುಂಬ ರೇಷ್ಮೆ ಹುಳು. ಮೇವು ಬಿಟ್ಟು ಮಲಗಿ ಪೊರೆ ಕಳಚುವ ನಾಲ್ಕನೇ ಜ್ವರ ಮುಗಿಸಿ ಎದ್ದು, ಹಸಿದು ಬಾಯಿ ತೆರೆದಿದ್ದವು. ಇನ್ನೊಂದು ವಾರಕ್ಕೆ ಗೂಡು ಕಟ್ಟಬೇಕಾದವು. ಪಕ್ಕದ ತೋಟದವರು ಟೊಮೆಟೊಗೆ ಔಷಧಿ ಹೊಡೆದರೂ ಸಾಯುವ ಜೀವಗಳು ಅವು.

ಎಲ್ಲಕ್ಕೂ ಹಾಕಿದಿರಾ ಎಂದು ಕೇಳಿದೆ.

ಅತ್ತಿಗೆ ಸಾವಕಾಶವಾಗಿ ಎರಡು ತಟ್ಟೆ ತೋರಿಸಿದರು. "ಒದ್ದೆ ಸೊಪ್ಪು ಹುಳಕ್ಕೆ ಆಗಲ್ಲ ಕಣಪ್ಪ. ಮೇಷ್ಟ್ರು ಹೇಳಿದಾನೆ ಅಂತ ನೆನೆಸಿದೆ, ಮೇಷ್ಟ್ರು ಹೇಳಿದಾನೆ ಅಂತಾನೇ ಅನುಮಾನನೂ ಬಂತು. ಇದ್ರಲ್ಲಿ ಇಪ್ಪತ್ತು ಹುಳಕ್ಕೆ ನಿನ್ನ ಔಷಧಿ ಸೊಪ್ಪು. ಅದ್ರಲ್ಲಿ ಇಪ್ಪತ್ತಕ್ಕೆ ಬರೀ ನೀರಲ್ಲಿ ನೆನೆಸಿದ್ದು. ಮಿಕ್ಕಿದ್ದಕ್ಕೆಲ್ಲ ನೆನೆಸದ ಸೊಪ್ಪೇ."

ಹೋಲಿಸಿ ನೋಡದೆ ಪ್ರಯೋಗವಿಲ್ಲ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಎರಡು ಪಾತ್ರೆ ಬರೆದು ಗೀಟು ಎಳೆಯುವವನು ನಾನು. ಮನೆಯಲ್ಲಿ ಬಾಟಲಿಯನ್ನು ಕಿಟಕಿಯಲ್ಲಿಟ್ಟು ಹೋದವನೂ ನಾನೇ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಜೀವ ಬಂದಂತಾಯಿತು.

ಬಾಟಲಿಯ ಮೇಲಿನ ಎಚ್ಚರಿಕೆ ಓದಲು ಕನ್ನಡಕ ಹಾಕಿದೆ, ಸಾಲದೆ ಶಾಲೆಯ ಭೂತಗನ್ನಡಿ ಹಿಡಿದೆ. ಬಾಟಲಿಯಲ್ಲಿ ನಿಜಕ್ಕೂ ನ್ಯಾನೋ ಆಗಿದ್ದದ್ದು ಆ ಅಕ್ಷರಗಳು. ಗಿಡಕ್ಕೆ ಎಷ್ಟು ಎಂದು ಬರೆದಿತ್ತು. ಆ ಗಿಡವನ್ನು ತಿನ್ನುವ ಹುಳುವಿನ ಮಾತೇ ಇರಲಿಲ್ಲ. ಕೂದಲೆಳೆಯ ಲೆಕ್ಕವನ್ನು ಅತ್ತಿಗೆಗೂ ಹೇಳಿದೆ. ಅಷ್ಟು ಸಣ್ಣದು ಹೊಟ್ಟೆಗೆ ಹೋದಮೇಲೆ ಎಲ್ಲಿ ಹೋಗಿ ಕೂರುತ್ತದೆ ಎಂದು ಅತ್ತಿಗೆ ಕೇಳಿದರು. ಒಳ್ಳೆಯ ಪ್ರಶ್ನೆ ಎಂದೆ. ಉತ್ತರ ಬಾರದಾಗ ಮೇಷ್ಟ್ರುಗಳು ಹೇಳುವುದೇ ಅದು.

ಮರುದಿನ ಬೆಳಿಗ್ಗೆ ನೀರಿನ ತಟ್ಟೆಯ ಹುಳುಗಳು ಸ್ವಲ್ಪ ಮಂಕಾಗಿದ್ದರೂ ಮೇಯುತ್ತಿದ್ದವು. ನನ್ನ ತಟ್ಟೆಯಲ್ಲಿ ಅರ್ಧಕ್ಕರ್ಧ ಹಸಿರು ನೀರು ಕಕ್ಕಿಕೊಂಡು ಸತ್ತಿದ್ದವು. ಅತ್ತಿಗೆ ಅವನ್ನು ಗುಂಡಿಗೆ ಹಾಕಿ ಬಂದರು. ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೊಡೆದ ಮೇಲೆ ಎಷ್ಟು ದಿನ ಬಿಟ್ಟು ಸೊಪ್ಪು ಕೊಯ್ಯಬೇಕು ಎಂದು ಕೇಳಿಕೊಂಡು ಬರಲು ಹೊರಟೆ. ಶಿಡ್ಲಘಟ್ಟದಲ್ಲಿ ಬಾಟಲಿ ಮಾರಿದ ಅಂಗಡಿಯವನು ಹುಳ ಯಾಕೆ ಯೂರಿಯಾ ತಿನ್ನುತ್ತೆ ಸಾರ್ ಎಂದು ನನ್ನನ್ನೇ ಕೇಳಿದ. ಚಿಂತಾಮಣಿಯ ಅಂಗಡಿಯವನು ವಾರ ಎಂದ, ಪಕ್ಕದಲ್ಲಿ ನಿಂತಿದ್ದವನು ತಿಂಗಳು ಎಂದ, ಇಬ್ಬರೂ ಪರೀಕ್ಷಿಸಿದವರಲ್ಲ. ಮೂರು ದಿನ ತಿರುಗಿ ಬರಿಗೈಯಲ್ಲಿ ಬಂದು ಹುಳುಮನೆಯ ಬಾಗಿಲಲ್ಲಿ ನಿಂತೆ. ಒಳಗೆ ಹುಳುಗಳು ಸೊಪ್ಪು ಕಡಿಯುವ ಸದ್ದು ಜೋರಾಗಿತ್ತು.

"ನನಗೆ ಗೊತ್ತಿಲ್ಲ ಅತ್ತಿಗೆ" ಎಂದೆ. ಇಷ್ಟು ವರ್ಷದ ನೌಕರಿಯಲ್ಲಿ ಆ ಮಾತು ನನ್ನ ಬಾಯಿಂದ ಹೊರಟದ್ದು ಅದೇ ಮೊದಲು.

ಅತ್ತಿಗೆ ಕೈಯಲ್ಲಿದ್ದ ಸೊಪ್ಪನ್ನು ಕೆಳಗಿಟ್ಟು ನನ್ನನ್ನು ನೋಡಿದರು.

"ಗೊತ್ತಿಲ್ಲ ಅಂದ್ಯಲ್ಲಪ್ಪ, ಈಗ ತಗೊಂಬಾ ಆ ಬಾಟ್ಲಿ. ಒಂದು ಸಾಲು ಗಿಡಕ್ಕೆ ಹೊಡೆದು, ಆ ಸೊಪ್ಪನ್ನ ದಿನಾ ಒಂದಿಪ್ಪತ್ತು ಹುಳಕ್ಕೆ ಹಾಕಿ ನೋಡಣ."